ಇಲ್ಲದ ದ್ವೀಪದ ಚಿತ್ರ

(ಕಡಲ ಪ್ಲಾಸ್ಟಿಕ್ಕಿನ ಲೇಖನಕ್ಕೆ ‘ಪೆಸಿಫಿಕ್ ಪ್ಲಾಸ್ಟಿಕ್ ದ್ವೀಪ’ದ ಉಪಗ್ರಹ ಚಿತ್ರ ಹಾಕದೆ ಬರೀ ಚುಕ್ಕಿಗಳ ನಕ್ಷೆ ಹಾಕಿದ್ದೇಕೆ, ಅದನ್ನು ನೋಡಿ ಯಾರು ಎಚ್ಚೆತ್ತುಕೊಳ್ಳುತ್ತಾರೆ ಎಂದು ಕಾರವಾರದ ನಿವೃತ್ತ ಶಿಕ್ಷಕರೊಬ್ಬರು ಕೇಳಿದ್ದಾರೆ.)

ಮೇಷ್ಟರೇ, ಹೆದರಿಸದೆ ಜನ ಕದಲುವುದಿಲ್ಲ ಎಂಬ ನಿಮ್ಮ ಮಾತನ್ನು ಅಲ್ಲಗಳೆಯಲಾರೆ. ಆದರೆ ಇಲ್ಲದ ಚಿತ್ರವನ್ನು ಎಲ್ಲಿಂದ ತರಲಿ? ಅಲ್ಲಿ ದ್ವೀಪವೇ ಇಲ್ಲ. 2018ರಲ್ಲಿ ಪ್ರಕಟವಾದ ಲೆಕ್ಕದಂತೆ ಹವಾಯಿ ಮತ್ತು ಕ್ಯಾಲಿಫೋರ್ನಿಯದ ನಡುವೆ 16 ಲಕ್ಷ ಚದರ ಕಿಲೋಮೀಟರ್ ಹರವಿನಲ್ಲಿ ತೇಲುತ್ತಿರುವುದು ಸುಮಾರು 79,000 ಟನ್ ಪ್ಲಾಸ್ಟಿಕ್. ಇಂಗ್ಲಿಷ್ ಪತ್ರಿಕೆಗಳು ಆ ಹರವನ್ನು ಅಮೆರಿಕದ ಟೆಕ್ಸಾಸ್ ರಾಜ್ಯದ ಎರಡರಷ್ಟು ಎಂದವು. ಟೆಕ್ಸಾಸ್ ಕಂಡವರಂತೆ ನಾವೂ ಹಾಗೆಯೇ ಅಚ್ಚು ಹಾಕಿದೆವು. ಎಂಟು ಕರ್ನಾಟಕ ಎನ್ನಲು ಏನು ಕಷ್ಟವಿತ್ತು? ಭಾಗಿಸಿ ನೋಡಿದೆ: ಚದರ ಕಿಲೋಮೀಟರಿಗೆ ಸರಾಸರಿ 50 ಕಿಲೋ, ಅಂದರೆ ಒಂದು ಮೂಟೆ ಅಕ್ಕಿಯ ತೂಕ. ಅದರಲ್ಲೂ ಅರ್ಧದಷ್ಟು ಮೀನುಬಲೆಗಳದ್ದೇ. ಆ ಮೂಟೆಯನ್ನು ಇನ್ನೂರೈವತ್ತು ಎಕರೆ ಗದ್ದೆಗೆ ಎರಚಿ ಮಾಳಿಗೆ ಹತ್ತಿ ನೋಡಿ. ಒಂದು ಕಾಳು ಕಂಡರೂ ನನಗೆ ಬರೆಯಿರಿ.

ಎಣಿಕೆಗೆ ಬಂದರೆ ನೂರಕ್ಕೆ 94 ಚೂರುಗಳು ಅರ್ಧ ಸೆಂಟಿಮೀಟರಿಗಿಂತ ಸಣ್ಣವು. ಕ್ಯಾಮೆರಾಕ್ಕೆ ಸಿಗದ ಇವನ್ನು ಎಣಿಸಲು ಕೂರುವವರ ಮೇಲೆ ನನಗೆ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಮ್ಸನ್ ಮತ್ತು ಸಂಗಡಿಗರು ಏನು ಮಾಡಿದರು ನೋಡಿ. 1960ರ ದಶಕದಿಂದ ಸ್ಕಾಟ್ಲೆಂಡಿನಾಚೆಯ ಕಡಲಿನಲ್ಲಿ ಹಡಗುಗಳು ಪ್ಲವಕಗಳ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳ) ಅಧ್ಯಯನಕ್ಕೆಂದು ಕೂಡಿಹಾಕಿದ್ದ ಹಳೆಯ ಮಾದರಿಗಳನ್ನು ಮತ್ತೆ ತೆರೆದರು. ಪ್ಲಾಸ್ಟಿಕ್ಕಿಗಾಗಿ ಯಾರೂ ಸಂಗ್ರಹಿಸಿರದ ಆ ಮಾದರಿಗಳಲ್ಲಿ 1960-70ರ ದಶಕಗಳಿಗಿಂತ 1980-90ರ ದಶಕಗಳಲ್ಲಿ ಪ್ಲಾಸ್ಟಿಕ್ ನಾರುಗಳು ಹೆಚ್ಚಾಗಿದ್ದವು. 2004ರ ಆ ಪ್ರಬಂಧ ಒಂದೇ ಪುಟದ್ದು.

ನಾನೇನು ಸಾಚಾ ಅಲ್ಲ. ಕಸದ ನಡುವೆ ದೋಣಿಯ ಹುಟ್ಟು ಹಾಕುವವನ ಚಿತ್ರವನ್ನು ಹಿಂದೊಮ್ಮೆ ನಾನೇ ‘ಪೆಸಿಫಿಕ್ ದ್ವೀಪ’ವೆಂದು ಮುಖಪುಟಕ್ಕೆ ಹಾಕಿದ್ದೆ. ಅದು ಮನಿಲಾ ಕೊಲ್ಲಿಯದಂತೆ. ತಿದ್ದುಪಡಿ ಒಳಪುಟದ ಮೂಲೆಯಲ್ಲಿ, ವಧೂವರರ ಜಾಹೀರಾತಿನ ಕೆಳಗೆ ಬಂತು. ನಮ್ಮ ಕಸುಬಿನ ರೋಗವೇ ಇದು. ವಾರಕ್ಕೆ ಒಂದು ಎಟಿಎಂ ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತೇವೆ ಎಂಬ 2019ರ ಸುದ್ದಿ ಎಲ್ಲರ ಬಾಯಲ್ಲಿದೆ. ಆಮೇಲಿನ ಲೆಕ್ಕಗಳು ಅದನ್ನು ಎಷ್ಟೋ ಪಟ್ಟು ಕೆಳಗಿಳಿಸಿದ್ದನ್ನು ಕೇಳಿದವರು ಎಷ್ಟು ಜನ?

2025ರ ಮೇ ತಿಂಗಳಲ್ಲಿ ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಸಬ್ಬಕ್ಕಿಯಂತಹ ಪ್ಲಾಸ್ಟಿಕ್ ಗುಂಡುಗಳು ಕೇರಳದ ತೀರಕ್ಕೆ ಬಂದು ಬಿದ್ದವು. ಮರಳಿನಿಂದ ಅವನ್ನು ಹೆಕ್ಕಿದವರಿಗೆ ಯಾವ ಉಪಗ್ರಹವೂ ಬೇಕಾಗಲಿಲ್ಲ. ಕಡಲು ನಿಮ್ಮ ಮನೆ ಬಾಗಿಲಿನಲ್ಲೇ ಇದೆ, ಮೇಷ್ಟರೇ. ಗಟ್ಟಿ ಉಪ್ಪುನೀರಿಗೆ ಒಂದು ಹಿಡಿ ಮರಳು ಹಾಕಿ ಕಲಕಿ, ತೇಲಿದ ಪ್ಲಾಸ್ಟಿಕ್ ಚೂರುಗಳನ್ನು ಎಣಿಸಿ, ದಿನಾಂಕ ನಮೂದಿಸಿ ಕಳುಹಿಸಿ. ಇಡೀ ಪುಟ ಕೊಡುತ್ತೇನೆ.

— ಸಂಪಾದಕ