ಓದುಗರ ಪ್ರಶ್ನೆಗೆ ಉತ್ತರ: ಸಾಫ್ಟ್‌ವೇರ್ ಮೊದಲೋ, ಗಣಿತ ಮೊದಲೋ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿ. ಗಣಿತದ ಪತ್ರಿಕೆಗಳಲ್ಲಿ ಹೇಗೋ ಪಾಸಾಗಿದ್ದೇನೆ. ಡಿಸೈನ್ ಸಾಫ್ಟ್‌ವೇರ್, ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್, ಪೈಥಾನ್, ಮಷೀನ್ ಲರ್ನಿಂಗ್ ಈ ನಾಲ್ಕರಲ್ಲೂ ಮುಂದಿನ ಎರಡು ಸೆಮಿಸ್ಟರ್‌ಗಳೊಳಗೆ ಪ್ರಮಾಣಪತ್ರ ಪಡೆಯಬೇಕೆಂದಿದ್ದೇನೆ. ಯಾವ ಕ್ರಮದಲ್ಲಿ ಕಲಿಯಲಿ?

ಉತ್ತರ: ನೀವು ಹೆಸರಿಸಿದ ನಾಲ್ಕೂ ಕಲಿಯತಕ್ಕವೇ. ಆದರೆ ನಿಮ್ಮ ಪತ್ರ ಓದುತ್ತ ನಾನು ನಿಂತದ್ದು ‘ಹೇಗೋ ಪಾಸಾಗಿದ್ದೇನೆ’ ಎಂಬ ಮಾತಿನ ಹತ್ತಿರ. ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಅದರ ಬಾಗು, ಒತ್ತಡಗಳನ್ನು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಡಿಸುವ ಮೊದಲು ಒಳಗೊಳಗೇ ದೊಡ್ಡದೊಂದು ಮ್ಯಾಟ್ರಿಕ್ಸ್ ಸಮೀಕರಣವನ್ನು ಬಿಡಿಸಿರುತ್ತದೆ; ಮಷೀನ್ ಲರ್ನಿಂಗ್‌ನ ಬಹುಪಾಲು ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ಮತ್ತು ಸಂಭವನೀಯತೆಯ ಮೇಲೆ ನಿಂತಿದೆ. ಹಾಗಾಗಿ ನಿಮ್ಮ ನಾಲ್ಕು ಕೋರ್ಸ್‌ಗಳಲ್ಲಿ ಎರಡರ ಬೇರು ನೀವು ಹೇಗೋ ದಾಟಿಬಂದ ಪತ್ರಿಕೆಗಳಲ್ಲೇ ಇದೆ. ಮುಂದೆ ಬರುವ ವೈಬ್ರೇಷನ್ ಮತ್ತು ಕಂಟ್ರೋಲ್ ವಿಷಯಗಳಿಗೆ ಡಿಫರೆನ್ಷಿಯಲ್ ಸಮೀಕರಣ ಬೇಕೇ ಬೇಕು. ಸ್ಪ್ರಿಂಗಿಗೆ ಕಟ್ಟಿದ ಭಾರದ ಓಲಾಟಕ್ಕೂ, ಇಂಡಕ್ಟರ್, ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದ ಸರ್ಕ್ಯೂಟಿಗೂ ಇರುವುದು ಒಂದೇ ರೂಪದ ಸಮೀಕರಣ ಎಂಬುದನ್ನು ಒಮ್ಮೆ ಕೈಯಾರೆ ಬರೆದು ನೋಡಿಕೊಂಡವರಿಗೆ ಎಲೆಕ್ಟ್ರಿಕಲ್ ಪತ್ರಿಕೆಯೂ ಅರ್ಧ ಹಗುರವಾಗುತ್ತದೆ.

ಸಾಫ್ಟ್‌ವೇರ್ ಕೊಟ್ಟ ಉತ್ತರ ಸರಿಯೇ ಎಂದು ಹೇಳಬಲ್ಲವರೇ ಎಂಜಿನಿಯರ್. ಅದನ್ನು ಹೇಳಲು ಏನು ಬೇಕಾಗುತ್ತದೆ ಎಂಬುದು ನಿಮ್ಮ ಮೇಜಿನ ಮೇಲೆಯೇ ತಿಳಿಯುತ್ತದೆ. 25 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಸ್ಟೀಲ್ ಸ್ಕೇಲೊಂದನ್ನು 250 ಮಿ.ಮೀ. ಹೊರಚಾಚುವಂತೆ ಮೇಜಿನ ಅಂಚಿಗೆ ಬಿಗಿದು, ತುದಿಗೆ 1 ನ್ಯೂಟನ್, ಅಂದರೆ ಸುಮಾರು 100 ಗ್ರಾಂ ತೂಕ ನೇತುಹಾಕಿ. ಉಕ್ಕಿನ ಯಂಗ್ ಮಾಡ್ಯುಲಸ್ (ಹಿಗ್ಗದೆ ತಡೆಯುವ ಗಡಸುತನದ ಅಳತೆ) 200 ಗಿಗಾಪಾಸ್ಕಲ್ ಎಂದು ಹಿಡಿದು ಕ್ಯಾಂಟಿಲಿವರ್, ಅಂದರೆ ಒಂದೇ ತುದಿಯಲ್ಲಿ ಬಿಗಿದ ತೊಲೆಯ ಸೂತ್ರದಲ್ಲಿ ಲೆಕ್ಕ ಹಾಕಿದರೆ ತುದಿ 12.5 ಮಿ.ಮೀ. ಇಳಿಯಬೇಕು. ನೀವು ಅಳೆದಾಗ ಬಹುಶಃ ಹಾಗೆ ಬರುವುದಿಲ್ಲ. ಮೊದಲನೆಯದಾಗಿ, ಸ್ಕೇಲು ತನ್ನ ಭಾರಕ್ಕೇ ಸುಮಾರು 2 ಮಿ.ಮೀ. ಬಾಗಿರುತ್ತದೆ, ಆದ್ದರಿಂದ ತೂಕ ಹಾಕುವ ಮೊದಲಿನ ಎತ್ತರವನ್ನೂ ಬರೆದಿಟ್ಟುಕೊಂಡು ವ್ಯತ್ಯಾಸವನ್ನು ತೆಗೆಯಬೇಕು. ಎರಡನೆಯದಾಗಿ, ಸೂತ್ರದಲ್ಲಿ ದಪ್ಪದ ಘನ ಬರುವುದರಿಂದ, ನೀವು 1 ಮಿ.ಮೀ. ಎಂದುಕೊಂಡದ್ದು ಸ್ಕ್ರೂ ಗೇಜಿನಲ್ಲಿ 0.9 ಎಂದು ತೋರಿಸಿದರೆ ಇಳಿತದ ಲೆಕ್ಕ 12.5ರಿಂದ 17 ಮಿ.ಮೀ. ದಾಟಿಬಿಡುತ್ತದೆ. ಬಿಗಿತ ಸ್ವಲ್ಪ ಸಡಿಲವಿದ್ದರೂ ಇಳಿತ ಹೆಚ್ಚುತ್ತದೆ, ಅದು ಈ ಸೂತ್ರದಲ್ಲಿ ಕಾಣಿಸುವುದಿಲ್ಲ. ಇದೇ ಸ್ಕೇಲನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಮಾದರಿ ಮಾಡಿ ಸೂತ್ರದ್ದು, ಅಳತೆಯದ್ದು, ಸಾಫ್ಟ್‌ವೇರ್‌ನದ್ದು ಮೂರೂ ಸಂಖ್ಯೆಗಳನ್ನು ಪಕ್ಕಪಕ್ಕ ಇಡಿ. ಇದನ್ನು ಮಾಡಿದ ವಿದ್ಯಾರ್ಥಿಯ ಜೊತೆ ಅರ್ಧ ಗಂಟೆ ಮಾತನಾಡಬಹುದು. ಪ್ರಮಾಣಪತ್ರ ಮಾತ್ರ ಇರುವವರ ಜೊತೆ ಮಾತು ಎರಡು ನಿಮಿಷಕ್ಕೇ ನಿಲ್ಲುವುದನ್ನು ನಾನು ಕಂಡಿದ್ದೇನೆ.

ಇನ್ನು ಕ್ರಮ. ಈ ಸೆಮಿಸ್ಟರ್‌ನಲ್ಲಿ ಲೀನಿಯರ್ ಆಲ್ಜೀಬ್ರಾವನ್ನು ಮತ್ತೆ ಓದುತ್ತ ಅದರ ಜೊತೆಗೇ ಪೈಥಾನ್ ಕಲಿಯಿರಿ. ಮೂರು ಅಜ್ಞಾತಗಳ ಸಮೀಕರಣಗಳನ್ನು ಕೈಯಲ್ಲಿ ಬಿಡಿಸಿ, ಅದೇ ಕ್ರಮಕ್ಕೆ ನೀವೇ ಪ್ರೋಗ್ರಾಂ ಬರೆದು, ಆಮೇಲಷ್ಟೇ ಸಿದ್ಧ ಲೈಬ್ರರಿ ಬಳಸಿ. ಮುಂದಿನ ಸೆಮಿಸ್ಟರ್‌ಗೆ ಫೈನೈಟ್ ಎಲಿಮೆಂಟ್ ಇರಲಿ. ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಓದುವ ತನಕ ಮಷೀನ್ ಲರ್ನಿಂಗ್ ಕಾಯಲಿ, ಅವಸರವೇನಿಲ್ಲ. ಡಿಸೈನ್ ಸಾಫ್ಟ್‌ವೇರ್‌ಗೆ ಪ್ರತ್ಯೇಕ ಸಮಯ ಬೇಡ, ಪ್ರಾಜೆಕ್ಟ್ ಮಾಡುವಾಗ ತಾನಾಗಿ ಬರುತ್ತದೆ. ಒಂದೇ ಸೆಮಿಸ್ಟರ್‌ನಲ್ಲಿ ಎರಡು ಭಾರಿ ಗಣಿತ ಪತ್ರಿಕೆಗಳ ಜೊತೆಗೆ ಎರಡು ಲ್ಯಾಬ್‌ಗಳನ್ನು ಹೇರಿಕೊಳ್ಳಬೇಡಿ. ರೆಕಾರ್ಡ್ ಬರೆಯುವುದರಲ್ಲೇ ರಾತ್ರಿಗಳು ಕಳೆದು ಗಣಿತ ಮತ್ತೆ ‘ಹೇಗೋ’ ಆಗಿಬಿಡುತ್ತದೆ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ. ನಮಗೆ ನ್ಯೂಮರಿಕಲ್ ಮೆಥಡ್ಸ್ ಐಚ್ಛಿಕ ವಿಷಯ. ಅದನ್ನು ಬಿಟ್ಟು ಹೊಸ ಫ್ರೇಮ್‌ವರ್ಕ್ ಒಂದನ್ನು ಕಲಿಯುವಂತೆ ಸೀನಿಯರ್‌ಗಳು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಐಚ್ಛಿಕವನ್ನು ತೆಗೆದುಕೊಳ್ಳಿ. ಫ್ರೇಮ್‌ವರ್ಕನ್ನು, ಅಂದರೆ ಪ್ರೋಗ್ರಾಂ ಕಟ್ಟಲು ಸಿದ್ಧವಿರುವ ಕೋಡಿನ ಚೌಕಟ್ಟನ್ನು, ರಜೆಯಲ್ಲಿ ಒಬ್ಬರೇ ಕೂತು ಕಲಿಯಬಹುದು. ಸಮೀಕರಣಗಳಿಗೆ ಅಂಕಿಗಳಲ್ಲೇ ಅಂದಾಜು ಉತ್ತರ ಹುಡುಕುವ ವಿಧಾನಗಳಾದ ನ್ಯೂಮರಿಕಲ್ ಮೆಥಡ್ಸ್‌ಗೆ ತಪ್ಪು ತಿದ್ದುವ ಮೇಷ್ಟ್ರು ಬೇಕು. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ: 0.30000000000000004 ಎಂದು ಬರುತ್ತದೆ. ದಶಮಾಂಶದ 0.1 ದ್ವಿಮಾನ ಪದ್ಧತಿಯಲ್ಲಿ ಮುಗಿಯದ ಭಿನ್ನವಾದ್ದರಿಂದ ಕಂಪ್ಯೂಟರ್ ಅದನ್ನು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಸಂಖ್ಯೆಯನ್ನು ಯಂತ್ರ ಹೇಗೆ ಹಿಡಿದಿಡುತ್ತದೆ ಎಂಬುದನ್ನು ಅಲಕ್ಷಿಸಿದರೆ ಆಗುವ ಅನಾಹುತಕ್ಕೆ 1996ರ ಜೂನ್ 4ರಂದು ಮೊದಲ ಹಾರಾಟದಲ್ಲೇ ನಾಶವಾದ ಏರಿಯಾನ್ 5 ರಾಕೆಟ್ ಸಾಕ್ಷಿ. ಅಡ್ಡದಿಕ್ಕಿನ ವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು, 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದ 16 ಬಿಟ್‌ಗಳ ಪೂರ್ಣಾಂಕಕ್ಕೆ ಬದಲಿಸಲು ಹೋಗಿ ಮಾರ್ಗದರ್ಶನ ವ್ಯವಸ್ಥೆ ನಿಂತುಹೋಯಿತು. ರಾಕೆಟ್ ಮೇಲೇರಿ 40 ಸೆಕೆಂಡು ಆಗುವಷ್ಟರಲ್ಲಿ ದಾರಿ ತಪ್ಪಿ ಚೂರಾಯಿತು. ಆ ಪ್ರೋಗ್ರಾಂ ಹಿಂದಿನ ಏರಿಯಾನ್ 4ಕ್ಕೆ ಬರೆದದ್ದು, ಅದರ ಹಾರಾಟದ ವೇಗಕ್ಕೆ ಸರಿಯಾಗಿಯೇ ಇತ್ತು. ಹಳೆಯ ಕೋಡನ್ನು ತಂದು ಹೊಸದಕ್ಕೆ ಜೋಡಿಸುವ ಕೆಲಸವನ್ನು ನೀವೂ ವೃತ್ತಿಯುದ್ದಕ್ಕೂ ಮಾಡುತ್ತೀರಿ.

ಪ್ರಶ್ನೆ: ಮೂರನೇ ವರ್ಷ ಮುಗಿದಿದೆ, ಇಂಟರ್ನ್‌ಶಿಪ್ ಸಿಗಲಿಲ್ಲ. ರಜೆ ವ್ಯರ್ಥವಾಗದಂತೆ ಏನು ಮಾಡಲಿ?

ಉತ್ತರ: ನಿಮ್ಮ ಲ್ಯಾಬ್ ರೆಕಾರ್ಡ್ ತೆರೆಯಿರಿ. ಫಲಿತಾಂಶವನ್ನು ಪಕ್ಕದವರ ಪುಸ್ತಕದಿಂದ ಇಳಿಸಿಕೊಂಡ ಪ್ರಯೋಗ ಒಂದಾದರೂ ಅದರಲ್ಲಿ ಇರುತ್ತದೆ, ಸಂಕೋಚ ಬೇಡ. ಅನುಮತಿ ಕೇಳಿ ಅದೇ ಪ್ರಯೋಗವನ್ನು ಹತ್ತು ಸಲ ಮಾಡಿ, ಪ್ರತಿ ಸಲದ ಅಳತೆಯನ್ನು ತಿದ್ದದೆ ದಾಖಲಿಸಿ, ಹತ್ತರ ನಡುವಿನ ಏರುಪೇರು ಎಷ್ಟು, ಅದು ಉಪಕರಣದಿಂದ ಬಂದದ್ದೋ ನಿಮ್ಮ ಕೈಯಿಂದ ಬಂದದ್ದೋ ಎಂದು ಎರಡು ಪುಟದ ವರದಿ ಬರೆಯಿರಿ. ಲೆಕ್ಕದ ಪ್ರೋಗ್ರಾಂ ಇದ್ದರೆ ಅದನ್ನು ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿ ಇಡಿ. ಆ ಅಭ್ಯಾಸ ಈಗಲೇ ಆಗಲಿ. ಆಮೇಲೆ ವರದಿಯನ್ನು ಜೂನಿಯರ್ ಒಬ್ಬರ ಕೈಗೆ ಕೊಟ್ಟು, ನೀವು ಬಾಯಿ ತೆರೆಯದೆ, ಅದನ್ನು ಓದಿಕೊಂಡೇ ಪ್ರಯೋಗ ಮಾಡಲು ಹೇಳಿ. ಅವರು ಎಲ್ಲಿ ತಡೆದು ನಿಮ್ಮ ಮುಖ ನೋಡುತ್ತಾರೋ ಆ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆಯಿರಿ.