ನೋಟಿಸ್ ಬೋರ್ಡ್ ತೆಗೆಯಬೇಡಿ

ಹೆಬ್ಬಾಳ ಕೈಗಾರಿಕಾ ಪ್ರದೇಶದ ನಿಮ್ಮ ಗಾರ್ಮೆಂಟ್ಸ್‌ನಲ್ಲಿ ಶಿಫ್ಟ್ ಬದಲಾವಣೆಯನ್ನು ಇನ್ಮೇಲೆ ವಾಟ್ಸಾಪ್‌ನಲ್ಲಿ ಮಾತ್ರ ಹಾಕಿದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು ಸರ್. ಎಷ್ಟೋ ಕಡೆ ಲೈನಿನಲ್ಲಿ ಕೂತವರ ಫೋನ್ ಗೇಟಿನಲ್ಲೇ ಇರುತ್ತದೆ. ಮನೆಗೆ ಹೋದರೆ ಅದು ಮಗನ ಕೈಗೆ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಕೆಲಸದ ವೇಳೆಯ ನೋಟಿಸನ್ನು ಮುಖ್ಯ ಬಾಗಿಲ ಹತ್ತಿರ, ಇಂಗ್ಲಿಷ್ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಹಾಕಬೇಕು ಎಂದಿತ್ತು. ಸುಮ್ನೆ ಇಟ್ಟ ನಿಯಮವಲ್ಲ ಅದು.

ಗ್ರೂಪ್ ಬೇಡ ಅಂತಲ್ಲ. ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಇಡಿ, ಇಲ್ಲದಿದ್ದರೆ ಶುಭೋದಯದ ಹೂವುಗಳ ನಡುವೆ ನಿಮ್ಮ ನೋಟಿಸ್ ಕಾಣುವುದೇ ಇಲ್ಲ. ಪಿಡಿಎಫ್‌ಗಿಂತ ಸೂಪರ್‌ವೈಸರ್ ಕನ್ನಡದಲ್ಲಿ ಹೇಳಿದ ಚಿಕ್ಕ ವಾಯ್ಸ್ ಮೆಸೇಜ್ ಜಾಸ್ತಿ ಜನಕ್ಕೆ ತಲುಪುತ್ತದೆ. 'ಬ್ಲೂ ಟಿಕ್ ಬಂದಿದೆಯಲ್ಲ' ಎಂದು ಯಾರ ಸಂಬಳವನ್ನೂ ಹಿಡಿಯಬೇಡಿ. ಸಂಜೆ ವ್ಯಾನ್ ಹತ್ತುವ ಮುಂಚೆ ಒಂದು ಸಲ ಬಾಯಲ್ಲೂ ಹೇಳಿಸಿ.