ಸನ್‌ಡೌನರ್ ಯುದ್ಧಕ್ಕೆ ಹೋದ ದಿನ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಖಾಸಗಿ ಮೋಟಾರು ದೋಣಿಗಳನ್ನೂ ಬಳಸಿಕೊಂಡಿತ್ತಂತೆ, ನಿಜವೇ?

ಉತ್ತರ: ನಿಜ. 1940ರ ಮೇ ಕೊನೆಯಲ್ಲಿ ಫ್ರಾನ್ಸಿನ ಡಂಕರ್ಕ್‌ನಲ್ಲಿ ಬ್ರಿಟಿಷ್ ಸೈನಿಕರು ಸಿಕ್ಕಿಬಿದ್ದಿದ್ದರು. ದಡದ ಬಳಿ ನೀರು ಆಳವಿಲ್ಲ, ದೊಡ್ಡ ಹಡಗು ಹತ್ತಿರ ಹೋಗಲಾಗದು. ಹಾಗಾಗಿ ಅವರನ್ನು ಕರೆತರಲು ಸಣ್ಣ ದೋಣಿಗಳು ಬೇಕಾದವು.

ಅವುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ‘ಸನ್‌ಡೌನರ್’. ಉದ್ದ ಬರೀ 58 ಅಡಿ. ಮಾಲೀಕ ಚಾರ್ಲ್ಸ್ ಲೈಟಾಲರ್, ಟೈಟಾನಿಕ್ ದುರಂತದಲ್ಲಿ ಬದುಕುಳಿದ ಅಧಿಕಾರಿ! ಆಗ ಅವರಿಗೆ 66 ವರ್ಷ. ನೌಕಾಪಡೆ ದೋಣಿ ಕೇಳಿತು. ಅವರು ಬೇರೆಯವರ ಕೈಗೆ ಕೊಡಲಿಲ್ಲ, ತಾವೇ ನಡೆಸಿಕೊಂಡು ಹೋದರು. ಜೊತೆಗೆ ಮಗ ರೋಜರ್, ಇನ್ನೊಬ್ಬ ಸ್ಕೌಟ್ ಹುಡುಗ, ಅಷ್ಟೇ. ಜೂನ್ 1ರಂದು ಸುಮಾರು 130 ಸೈನಿಕರನ್ನು ತುಂಬಿಕೊಂಡು, ವಿಮಾನ ದಾಳಿ ತಪ್ಪಿಸಿಕೊಳ್ಳುತ್ತಾ ಇಂಗ್ಲೆಂಡಿನ ರಾಮ್ಸ್‌ಗೇಟ್ ಮುಟ್ಟಿಸಿದರು. ಒಳಗೆ ಎಷ್ಟು ಇಕ್ಕಟ್ಟಾಗಿದ್ದಿರಬೇಕು, ಅಲ್ವಾ?